ಮಣೆಯ ಮೇಲಿನ ಭಾರ

ಚರ್ಚಿನಲ್ಲಿ ಯಾರೂ ಇರಲಿಲ್ಲ. ಆದರೂ ಆರ್ಗನ್ ನುಡಿಯುತ್ತಿತ್ತು.

ಒಂದೇ ಸ್ವರ. ಬೆರಳಿನಿಂದ ಒತ್ತುವ ಮಣೆಗಳಲ್ಲಿ ಎಡಗಡೆಯ ಕೊನೆಯದ್ದು, ಎಲ್ಲಕ್ಕಿಂತ ತಗ್ಗಿನದು. ಏರಲಿಲ್ಲ, ಇಳಿಯಲಿಲ್ಲ, ನಿಲ್ಲಲೂ ಇಲ್ಲ...

ಮಧ್ಯಾಹ್ನ ಮೂರು ಗಂಟೆ. ಭಾನುವಾರದ ಹಾಡುಗಳನ್ನು ಅಭ್ಯಾಸ ಮಾಡಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಬೆಂಚಿನ ಮರಕ್ಕೆ ಕೈ ತಾಗಿದಾಗ ಅದು ಸಣ್ಣಗೆ ನಡುಗುತ್ತಿರುವುದು ಗೊತ್ತಾಯಿತು.

'ಅಪ್ಪಾ... ನೀನಾ?'

ಓಡಿಹೋಗಬೇಕು ಅನ್ನಿಸಿತು. ಆದರೆ ಕಾಲು ಅವಳ ಮಾತು ಕೇಳಲಿಲ್ಲ. ಮರದ ಮೆಟ್ಟಿಲು ಹತ್ತಿ ಆರ್ಗನ್ ಇರುವ ಮಹಡಿಗೆ ಬಂದಳು. ನುಡಿಸುವವರ ಪೀಠ ಖಾಲಿ. ಕೊನೆಯ ಮಣೆ ಮಾತ್ರ ಒಳಕ್ಕೆ ಇಳಿದಿತ್ತು. ಅದರ ಮೇಲೆ ಒಂದು ಸೀಸದ ಗಟ್ಟಿ ಕೂತಿತ್ತು.

"ಬಂದ್ರಾ? ಒಳ್ಳೇದಾಯ್ತು. ಅದನ್ನ ತೆಗೆದು ಪಕ್ಕದ್ದನ್ನ ಒತ್ತಿ."

ಗಂಡು ದನಿ. ಆರ್ಗನ್ನಿನ ಹೊಟ್ಟೆಯೊಳಗಿನಿಂದ ಬಂದಿತ್ತು.

ಅವಳು ಏನು ಮಾಡಿದಳೆಂದು ಅವಳಿಗೇ ಗೊತ್ತಾಗಲಿಲ್ಲ. ಸೀಸದ ಗಟ್ಟಿಯನ್ನು ಕಿತ್ತು ಬೀಸಿ ಎಸೆದಳು. ಅದು ಮೆಟ್ಟಿಲ ಮೇಲೆ ದಡದಡನೆ ಉರುಳಿ ಕೆಳಗೆ ಹೋಯಿತು. ಸ್ವರ ನಿಂತಿತು.

ಆರ್ಗನ್ನಿನ ಪಕ್ಕದಲ್ಲಿ, ಕೊಳವೆಗಳ ಗೂಡಿಗೆ ಹೋಗುವ ಪುಟ್ಟ ಬಾಗಿಲು ತೆರೆದು, ತಲೆತುಂಬ ಧೂಳು ಹೊತ್ತ ಯುವಕನೊಬ್ಬ ಹೊರಗೆ ಇಣುಕಿದ.

"ಯಾರ ತಲೆ ಒಡೆಯೋಕೆ ಹೊರಟಿದ್ರಿ?"

"ಮಣೆ ಮೇಲೆ ಭಾರ ಇಡಬಾರದು." ಎಂದಳು ಅವಳು.

"ಇಡದೇ ಇನ್ನೇನು ಮಾಡ್ಲಿ? ಹೊರಗೆ ಮಣೆ ಒತ್ತೋಕೆ ಒಬ್ರು ಬೇಕು, ಒಳಗೆ ಕೊಳವೆ ಶ್ರುತಿ ಮಾಡೋಕೆ ಒಬ್ರು ಬೇಕು. ನಾನಿರೋದು ಒಬ್ಬನೇ. ಅರ್ಧ ಅರ್ಧ ಆಗೋಕೆ ಬರಲ್ಲ ನೋಡಿ."

"ನಾನು ಒತ್ತುತ್ತೀನಿ. ನಿಮ್ಮ ಕೆಲಸ ಮುಗಿಯೋವರೆಗೂ ದಿನಾ ಮಧ್ಯಾಹ್ನ ಬರ್ತೀನಿ. ಆದ್ರೆ ಭಾರ ಮಾತ್ರ ಇಡ್ಬೇಡಿ."

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಯಾವ ಕೆಲಸಕ್ಕೆ ಇನ್ನು ಜನ್ಮದಲ್ಲಿ ಕೈ ಹಾಕುವುದಿಲ್ಲ ಎಂದುಕೊಂಡಿದ್ದಳೋ, ಅದಕ್ಕೇ ಬಾಯಿಬಿಟ್ಟು ಒಪ್ಪಿಕೊಂಡಿದ್ದಳು.

ಅವಳಿಗೆ ಇಪ್ಪತ್ತೇಳು ವರ್ಷ. ಆದರೂ ಸಭೆಗೆಲ್ಲ ಅವಳು ಪುಟ್ಟಿಯೇ. ಬೆಳಿಗ್ಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಭಾನುವಾರ ಈ ಲೂಥರನ್ ಚರ್ಚಿನಲ್ಲಿ ಆರ್ಗನ್. ಅವಳಿಗಿಂತ ಮುಂಚೆ ಅಪ್ಪ ನುಡಿಸುತ್ತಿದ್ದರು. ಶ್ರುತಿ ಮಾಡುವುದೂ ಅವರೇ. ಎಂಟು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಆ ಪುಟ್ಟ ಬಾಗಿಲಿನ ಒಳಗೆ, ಕೊಳವೆಗಳ ನಡುವೆ ಅವರ ಎದೆಬಡಿತ ನಿಂತುಹೋಯಿತು.

"ಪುಣ್ಯವಂತ. ಮಗಳು ಹತ್ತಿರದಲ್ಲೇ ಇದ್ದಳು," ಎಂದು ಎಲ್ಲರೂ ಹೇಳಿದರು. ಈಗಲೂ ಹೇಳುತ್ತಾರೆ. ಕೇಳಿದಾಗಲೆಲ್ಲ ಅವಳು ತಲೆ ತಗ್ಗಿಸುತ್ತಾಳೆ. ಜನ ಅದನ್ನು ವಿನಯ ಎಂದುಕೊಂಡಿದ್ದಾರೆ.

ಅಂದಿನಿಂದ ಆ ಆರ್ಗನ್ ನಿಟ್ಟುಸಿರು ಬಿಡುತ್ತದೆ. ಭಾನುವಾರ ಪಾದ್ರಿ ಅಯ್ಯನವರು "ನಮ್ಮ ಪಾಪಗಳನ್ನು ಅರಿಕೆ ಮಾಡೋಣ" ಎಂದು ಹೇಳಿ ಸುಮ್ಮನಾಗುತ್ತಾರಲ್ಲ, ಆ ಮೌನದಲ್ಲಿ ಯಾರೂ ಮುಟ್ಟದೆಯೇ ಆ ಕೊನೆಯ ಸ್ವರ ಸಣ್ಣಗೆ ಏಳುತ್ತದೆ. ಮುದುಕಿಯರು ಸೆರಗು ಬಿಗಿ ಹಿಡಿಯುತ್ತಾರೆ. ಮಕ್ಕಳು ಮಹಡಿಯ ಕೆಳಗಿನ ಬೆಂಚಿನಲ್ಲಿ ಕೂರುವುದೇ ಇಲ್ಲ. ಅವಳು ಮಾತ್ರ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ತನಗೆ ಸಲ್ಲಬೇಕಾದದ್ದು ಅದೇ ಎಂದು ಅವಳ ನಂಬಿಕೆ. ಬಂದ ಎರಡು ಒಳ್ಳೆಯ ಸಂಬಂಧಗಳನ್ನೂ ಬೇಡವೆಂದಿದ್ದಳು. ಸಂತೋಷ ತನ್ನ ಪಾಲಿನದಲ್ಲ ಎಂದು ಆ ಹುಡುಗಿ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಳು.

ಇನ್ನು ಈ ಶ್ರುತಿಗಾರ. ಅವನಿಗೆ ಸಂತೋಷಪಡುವುದೇ ಒಂದು ಕಸುಬು. ಊರೂರು ತಿರುಗಿ ಹಳೆಯ ಆರ್ಗನ್ ಸರಿ ಮಾಡುತ್ತಾನೆ. ಕಿವಿ ಎಷ್ಟು ಸೂಕ್ಷ್ಮವೋ ಗಂಟಲು ಅಷ್ಟೇ ಕೆಟ್ಟದು. ಆದರೂ ಕೆಲಸ ಶುರು ಮಾಡುವ ಮುಂಚೆ ಶಿಲುಬೆಯ ಗುರುತು ಹಾಕಿಕೊಂಡು ಒಂದು ಸ್ತುತಿಗೀತೆ ಹಾಡಲೇಬೇಕು.

"ಶ್ರುತಿ ಮಾಡೋರು ನೀವೇ ಹೀಗೆ ಹಾಡಿದ್ರೆ ಹೇಗೆ?" ಎರಡನೆಯ ದಿನ ಅವಳು ಕೇಳಿಯೇಬಿಟ್ಟಳು.

"ದೇವರ ಕಿವಿ ದೊಡ್ಡದು. ಸಹಿಸಿಕೊಳ್ತಾರೆ," ಒಳಗಿನಿಂದ ದನಿ ಬಂತು. "ಬೆಳಿಗ್ಗೆ ಎದ್ದ ಕೂಡ್ಲೇ ನಾನು ದೀಕ್ಷಾಸ್ನಾನ ಆದವನು ಅಂತ ನೆನಪು ಮಾಡ್ಕೋತೀನಿ. ಅಲ್ಲಿಗೆ ಆ ದಿನದ ದೊಡ್ಡ ಚಿಂತೆ ಮುಗೀತು. ಆಮೇಲೆ ಹಾಡದೇ ಇರೋಕೆ ಆಗುತ್ತಾ? ಹೂಂ, ಮುಂದೆ."

'ಮುಂದೆ' ಅಂದರೆ ಅವಳು ಆ ಮಣೆ ಬಿಟ್ಟು ಪಕ್ಕದ್ದನ್ನು ಒತ್ತಬೇಕು. ಅಷ್ಟೇ ಕೆಲಸ. ಅವನಿಗೆ ಅವಳು ಕಾಣುವುದಿಲ್ಲ, ಅವಳಿಗೆ ಅವನು ಕಾಣುವುದಿಲ್ಲ. ನಡುವೆ ನೂರಾರು ಕೊಳವೆಗಳು. ಬೇಡ ಬೇಡವೆಂದರೂ ಅವಳ ಕಿವಿ ಆ ದನಿಗಾಗಿ ಕಾಯತೊಡಗಿತು. ಅಂಗಡಿಯಲ್ಲಿ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿ ಬೈಸಿಕೊಂಡಳು.

ನಾಲ್ಕನೆಯ ದಿನ ಅವನು ಹೊರಗೆ ಬಂದಾಗ ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ಒಂದು ಮಾತು. ಆಗ್ಲೇ ನಾನು ಹೇಳೋಕೆ ಮುಂಚೆನೇ ಮಣೆ ಬದಲಾಯಿಸಿದ್ರಿ. ಮೂರು ಸಲ."

"ನೀವೇ 'ಮುಂದೆ' ಅಂದ್ರಲ್ಲ."

"ನಾನು ಅನ್ಲಿಲ್ಲ."

ಇಬ್ಬರೂ ಆ ಪುಟ್ಟ ಬಾಗಿಲನ್ನೇ ನೋಡಿದರು. ಒಳಗೆ ಕತ್ತಲು. ಗಾಳಿ ತುಂಬುವ ಮೋಟಾರು ಮಾತ್ರ ಗುಂಯ್ ಎನ್ನುತ್ತಿತ್ತು. ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಮೂರು ಸಲದ ದನಿ ಸ್ವಲ್ಪ ವಯಸ್ಸಾದವರ, ಉಬ್ಬಸ ಬಂದವರ ದನಿಯಂತೆ ಕೇಳಿಸಿತ್ತು. ಧೂಳು ಕುಡಿದು ಗಂಟಲು ಕಟ್ಟಿರಬೇಕು ಎಂದುಕೊಂಡಿದ್ದಳು.

ಅವಳು ಹಾಡಿನ ಪುಸ್ತಕ ಎತ್ತಿಕೊಂಡು ಬೇಗ ಕೆಳಗಿಳಿದಳು.

ಭಾನುವಾರ ಆರಾಧನೆಗೆ ಅವನು ಮಹಡಿಯಲ್ಲೇ, ಅವಳ ಹಿಂದಿನ ಕುರ್ಚಿಯಲ್ಲಿ ಕೂತ. ಪಾಪ ಅರಿಕೆಯ ಮೌನದಲ್ಲಿ ಆ ಸ್ವರ ಎದ್ದಿತು. ಅವನ ಹುಬ್ಬು ಗಂಟಾಯಿತು. ಪವಿತ್ರ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿಗೆ ಅವನು ಇಳಿದುಹೋಗಿ ಆಲ್ಟರಿನ ಮುಂದೆ ಮೊಣಕಾಲೂರಿ ಮತ್ತೆ ಮೇಲೆ ಬಂದ. ಅವಳು ನುಡಿಸುತ್ತಲೇ ಇದ್ದಳು. ಕೊನೆಯವರು ಎದ್ದುಹೋಗುವವರೆಗೂ ನುಡಿಸಿದಳು.

"ನೀವು ಭೋಜನಕ್ಕೆ ಹೋಗ್ಲೇ ಇಲ್ಲ," ಎಲ್ಲ ಮುಗಿದ ಮೇಲೆ ಅವನು ಮೆತ್ತಗೆ ಹೇಳಿದ.

"ನುಡಿಸ್ತಾ ಇದ್ನಲ್ಲ."

"ಎಷ್ಟು ವರ್ಷದಿಂದ?"

ಎಂಟು ವರ್ಷದಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಅಯ್ಯನವರೂ ಇಲ್ಲ, ಅಮ್ಮನೂ ಇಲ್ಲ. ಭೋಜನಕ್ಕೆ ಬಾರದವರನ್ನು ಕೇಳುವವರಿದ್ದಾರೆ. ನುಡಿಸುವವಳನ್ನು ಯಾರು ಕೇಳುತ್ತಾರೆ? ಆ ಪೀಠದಷ್ಟು ಒಳ್ಳೆಯ ಅಡಗುದಾಣ ಇನ್ನೊಂದಿರಲಿಲ್ಲ.

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ," ಎಂದು ಪುಸ್ತಕ ಮುಚ್ಚಿ ಹೊರಟುಹೋದಳು.

ಮರುದಿನ ಬರಬಾರದು ಎಂದುಕೊಂಡೇ ಬಂದಳು. ಅವನು ಆಗಲೇ ಒಳಗಿದ್ದ.

"ಆ ನಿಟ್ಟುಸಿರಿನ ಕಾರಣ ಸಿಕ್ತು," ಎಂದ. "ಕೊನೆ ಮಣೆಯ ಕೊಳವೆಗೆ ಗಾಳಿ ಬಿಡೋ ಮುಚ್ಚಳಕ್ಕೆ ಅಂಟಿಸಿರೋ ಚರ್ಮ ಒಣಗಿ ಸೆಟೆದುಕೊಂಡಿದೆ. ಯಾರೂ ನುಡಿಸದೇ ಇದ್ದಾಗ ಗಾಳಿ ಸೋರುತ್ತೆ. ಹೊಸ ಚರ್ಮ ಹಾಕಿದ್ರೆ ನಿಂತು ಹೋಗುತ್ತೆ."

"ಬೇಡ."

"ಏನಂದ್ರಿ?"

"ಅದನ್ನ ನಿಲ್ಲಿಸ್ಬೇಡಿ... ದಯವಿಟ್ಟು." ಅವಳು ಪೀಠದ ಮೇಲೆ ಕೂತಳು. "ನೀವು ಹೊರಗೆ ಬರ್ಬೇಡಿ. ಅಲ್ಲೇ ಇರಿ. ನಾನೊಂದು ಹೇಳ್ಬೇಕು. ಮುಖ ನೋಡಿದ್ರೆ ಹೇಳೋಕಾಗಲ್ಲ."

ಒಳಗೆ ಏನೋ ಇಟ್ಟ ಸದ್ದಾಯಿತು. "ಇಲ್ಲೇ ಇದ್ದೀನಿ. ಹೇಳಿ."

"ಆವತ್ತು ನಾನು ಅಪ್ಪನ ಹತ್ತಿರ ಇರ್ಲಿಲ್ಲ."

ಎಂಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು ಎಷ್ಟು ಚಿಕ್ಕದಾಗಿತ್ತು.

"ಅವರು ಒಳಗಿದ್ರು. ನಾನು ಇಲ್ಲಿ ಕೂತು ಇದೇ ಮಣೆ ಒತ್ತಿದ್ದೆ. ಪ್ರತಿ ಶನಿವಾರ ಇದೇ ಆಯ್ತಲ್ಲ ಅಂತ ಬೇಜಾರು. ಹೊರಗೆ ಗೆಳತಿಯರು ಕಾಯ್ತಿದ್ರು. ಅವರು ಈ ದೊಡ್ಡ ಕೊಳವೆಗೆ ತುಂಬಾ ಹೊತ್ತು ತಗೋತಿದ್ರು... ಹತ್ತು ನಿಮಿಷ ಅಂತ ಮಣೆ ಮೇಲೆ ಭಾರ ಇಟ್ಟು ಹೋದೆ. ಸ್ವರ ಬರ್ತಾನೇ ಇರುತ್ತೆ, ನಾನು ಇದ್ದೀನಿ ಅಂತ ಅಂದ್ಕೋತಾರೆ ಅಂತ. ಬಂದಿದ್ದು ಒಂದೂವರೆ ಗಂಟೆ ಬಿಟ್ಟು. ಸ್ವರ ಹಾಗೇ ಬರ್ತಿತ್ತು. ಭಾರ ತೆಗೆದು, 'ಅಪ್ಪಾ, ಮುಂದಿನದು ಒತ್ಲಾ?' ಅಂತ ಕೇಳ್ದೆ. ಉತ್ತರ ಬರ್ಲಿಲ್ಲ."

ಅವಳು ಕಣ್ಣೊರೆಸಿಕೊಳ್ಳಲಿಲ್ಲ.

"ಅವರು ನನ್ನ ಕೂಗಿರ್ಬೇಕು. ಮಗಳು ಇದ್ದಾಳೆ ಅಂತ ನಂಬಿ ಕೂಗಿರ್ಬೇಕು. ಆ ಸ್ವರ ಅವರಿಗೆ ಸುಳ್ಳು ಹೇಳ್ತಾನೇ ಇತ್ತು. ಆಮೇಲೆ ನಾನೂ ಅಮ್ಮನಿಗೆ ಸುಳ್ಳು ಹೇಳ್ದೆ. ಅವರು ಒಬ್ರೇ ಇರ್ಲಿಲ್ಲ ಅನ್ನೋದೊಂದೇ ಅವಳಿಗಿರೋ ಸಮಾಧಾನ."

ಅವಳು ಎರಡೂ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

'ಅಸಹ್ಯ ಆಗಿರಬೇಕು ನನ್ನ ಮೇಲೆ...'

"ನಿಮ್ಮ ತಪ್ಪೇನಿಲ್ಲ ಅಂತ ನಾನು ಹೇಳಲ್ಲ," ಕೊನೆಗೆ ದನಿ ಬಂತು. ಅದರಲ್ಲಿ ಅಳುವಿತ್ತು. "ಹೇಳಿದ್ರೆ ಸುಳ್ಳಾಗುತ್ತೆ. ನೀವು ಬಿಟ್ಟು ಹೋಗಿದ್ದು ನಿಜ, ಮುಚ್ಚಿಟ್ಟಿದ್ದೂ ನಿಜ. ಕ್ಷಮೆ ಇರೋದು ನಿಜವಾದ ಪಾಪಕ್ಕೇ. ಯೇಸು ಕ್ರಿಸ್ತನ ಹೆಸರಲ್ಲಿ ಹೇಳ್ತಾ ಇದ್ದೀನಿ, ಕೇಳಿಸ್ಕೊಳ್ಳಿ. ನಿಮಗೆ ಕ್ಷಮೆ ಆಗಿದೆ. ಈ ಪಾಪಕ್ಕೂ ಸೇರಿ."

"ನೀವೇನು ಅಯ್ಯನವರಾ?"

"ಅಲ್ಲ. ಆ ಮಾತು ಅಯ್ಯನವರ ಸ್ವಂತದ್ದೂ ಅಲ್ಲ. ಪಕ್ಕದಲ್ಲಿರೋ ಯಾವ ವಿಶ್ವಾಸಿ ಬೇಕಾದ್ರೂ ಹೇಳ್ಬಹುದು. ಚಿಕ್ಕಂದಿನಲ್ಲಿ ನೀವೂ ಕಲಿತಿದ್ದೀರಲ್ಲ."

"ಮತ್ತೆ ನಾನು ಎಂಟು ವರ್ಷ ಅನುಭವಿಸಿದ್ದು?"

"ಅದನ್ನ ನಿಮ್ಮನ್ನ ಯಾರು ಕೇಳಿದ್ರು? ಅನುಭವಿಸೋ ಕೆಲಸ ಬೇರೊಬ್ಬರು ಶಿಲುಬೆ ಮೇಲೆ ಮಾಡಿ ಮುಗಿಸಿದ್ದಾರೆ."

ಆಗ ಅದು ಎದ್ದಿತು.

ಅವಳ ಎರಡೂ ಕೈ ಮಡಿಲಲ್ಲಿದ್ದವು. ಕೊನೆಯ ಮಣೆ ಅಲುಗಿರಲಿಲ್ಲ. ಆ ತಗ್ಗಿನ ಸ್ವರ ಸಣ್ಣಗೆ ಶುರುವಾಗಿ, ಎಂದೂ ಇಲ್ಲದಷ್ಟು ದೊಡ್ಡದಾಗಿ, ನರಳಿದ ಹಾಗೆ ಮಹಡಿಯನ್ನೆಲ್ಲ ತುಂಬಿತು.

"ಕೇಳಿಸ್ತಾ?" ಪಿಸುಗುಟ್ಟಿದಳು. "ಅಪ್ಪ ಒಪ್ಪಲ್ಲ."

ಅವನು ಹೊರಗೆ ಬರುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಓಡಿದ್ದಳು.

ಮಾರನೆಯ ದಿನ ಚರ್ಚಿಗೆ ಬಂದರೆ ಅವನೂ ಇಲ್ಲ, ಅವನ ಉಪಕರಣದ ಚೀಲವೂ ಇಲ್ಲ. ಪುಟ್ಟ ಬಾಗಿಲಿಗೆ ಬೀಗ ಬಿದ್ದಿತ್ತು.

"ಬೆಳಿಗ್ಗೆನೇ ಹೊರಟನಮ್ಮ," ಅಂಗಳದಲ್ಲಿ ಸಿಕ್ಕಿದ ಅಯ್ಯನವರು ಹೇಳಿದರು. "ಹೋಗೋವಾಗ ನಿಮ್ಮ ಮನೆ ಎಲ್ಲಿ ಅಂತ ಕೇಳ್ದ. ನಿಮ್ಮಮ್ಮನ ಹತ್ತಿರ ಏನೋ ಮಾತಾಡ್ಬೇಕಂತೆ."

'ಹೇಳಿಬಿಟ್ಟ... ಅಮ್ಮನಿಗೆ ಹೇಳಿ ಹೊರಟೇ ಹೋದ!'

ಮನೆಗೆ ಬಂದಾಗ ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಎದುರಿಗೆ ಕುಡಿದಿಟ್ಟ ಎರಡು ಲೋಟ. ಅಮ್ಮನ ಕಣ್ಣು ಕೆಂಪಾಗಿತ್ತು.

"ಪುಟ್ಟಿ, ಕೂತ್ಕೋ. ಆ ಆರ್ಗನ್ ಹುಡುಗ ಬಂದಿದ್ದ."

"ಅವನು ಯಾಕೆ ಹೇಳ್ಬೇಕಿತ್ತು? ನಾನೇ ಹೇಳ್ತಿದ್ದೆ." ಅವಳು ಗೋಡೆಗೊರಗಿದಳು. ಮಾತು ಹಿಡಿತ ತಪ್ಪಿ ಬಂತು. "ಹೌದಮ್ಮ, ನಾನು ಇರ್ಲಿಲ್ಲ. ಮಣೆ ಮೇಲೆ ಭಾರ ಇಟ್ಟು ಗೆಳತಿಯರ ಜೊತೆ ಹೋಗಿದ್ದೆ. ಅಪ್ಪ ಒಬ್ರೇ ಸತ್ತಿದ್ದು. ಇಷ್ಟು ವರ್ಷ ನಿನಗೆ ಸುಳ್ಳು ಹೇಳಿದ್ದೀನಿ."

ಅಮ್ಮ ಅವಳನ್ನೇ ನೋಡಿದಳು.

"ಅವನು ಅದ್ಯಾವುದೂ ಹೇಳ್ಲಿಲ್ಲ," ಎಂದಳು. "ನಿನ್ನನ್ನ ಮದುವೆ ಆಗ್ಬೇಕು ಅಂತ ಕೇಳೋಕೆ ಬಂದಿದ್ದ. ಅದಕ್ಕೇ ಅಳು ಬಂತು ನನಗೆ. ಚರ್ಮ ತರೋಕೆ ಹೋಗ್ತಿದ್ದೀನಿ, ಭಾನುವಾರ ಬರ್ತೀನಿ ಅಂದ."

ಅಮ್ಮ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲಿನ ನಾಲ್ಕು ದಿನ ಆ ಮನೆಯಲ್ಲಿ ಬಾಗಿಲ ಸದ್ದು, ಪಾತ್ರೆಯ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಅಮ್ಮ ಅಡುಗೆ ಮಾಡಿ ಬಡಿಸುತ್ತಿದ್ದಳು, ಮುಖ ಮಾತ್ರ ಎತ್ತುತ್ತಿರಲಿಲ್ಲ. ಶನಿವಾರ ಸಂಜೆ ಆಲ್ಟರಿಗೆ ಹಾಸುವ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಾ, ಬಟ್ಟೆಗೇ ಹೇಳುವಂತೆ ಹೇಳಿದಳು.

"ಕೊನೆಗೆ ನಿಮ್ಮಪ್ಪ ನನ್ನನ್ನೂ ಕರೆದಿದ್ರೋ ಏನೋ..."

"ಅಮ್ಮ..."

"ನನಗೆ ಕೋಪ ಇದೆ ಪುಟ್ಟಿ. ಇಲ್ಲ ಅಂತ ನಾನೂ ಸುಳ್ಳು ಹೇಳಲ್ಲ." ಇಸ್ತ್ರಿ ಪೆಟ್ಟಿಗೆ ಒಂದೇ ಜಾಗದಲ್ಲಿ ನಿಂತಿತು. "ಆದ್ರೆ ಎಂಟು ವರ್ಷ ಇದನ್ನ ಇಟ್ಕೊಂಡು ನನ್ನ ಎದುರಿಗೇ ಊಟ ಮಾಡಿದ್ಯಲ್ಲ... ಹೇಗೆ ಮಾಡ್ದೆ ಮಗಳೇ?"

ಬಟ್ಟೆ ಸುಟ್ಟ ವಾಸನೆ ಬಂದಾಗ ಇಬ್ಬರೂ ಒಟ್ಟಿಗೆ ಕೈ ಚಾಚಿದರು.

ಭಾನುವಾರ ಬೆಳಿಗ್ಗೆ ಹೊರಗೆ ದಟ್ಟ ಮಂಜು. ಚರ್ಚಿನ ಕಿಟಕಿಗಳೆಲ್ಲ ಬಿಳಿ. ದೀಪ ಹಚ್ಚಿದ್ದರೂ ಜನರ ಮುಖ ಮಸುಕಾಗಿ ಕಾಣುತ್ತಿತ್ತು. ಅವಳು ಪೀಠದ ಮೇಲೆ ಕೂತು, ಕೆಳಗಿನದನ್ನೆಲ್ಲ ನೋಡಲು ಆರ್ಗನ್ನಿಗೆ ಸಿಕ್ಕಿಸಿದ್ದ ಪುಟ್ಟ ಕನ್ನಡಿಯನ್ನು ಸರಿ ಮಾಡಿಕೊಂಡಳು. ಅವನು ಕಾಣಲಿಲ್ಲ.

"ನಮ್ಮ ಪಾಪಗಳನ್ನು ಅರಿಕೆ ಮಾಡೋಣ," ಎಂದರು ಅಯ್ಯನವರು.

ಮೌನ. ಎಲ್ಲರ ಕಿವಿ ನಿಮಿರಿತು. ಮುದುಕಿಯರು ಸೆರಗು ಹಿಡಿದರು. ಅವಳು ಕಣ್ಣು ಮುಚ್ಚಿದಳು. ಈಗ... ಇನ್ನೇನು ಈಗ...

ಸ್ವರ ಬರಲಿಲ್ಲ.

ಮೋಟಾರು ಓಡುತ್ತಿತ್ತು, ಗಾಳಿ ತುಂಬಿತ್ತು, ಆದರೂ ಬರಲಿಲ್ಲ. ಆ ನಿಶ್ಶಬ್ದ ಸ್ವರಕ್ಕಿಂತ ಭಯಂಕರವಾಗಿತ್ತು. ತನ್ನ ಪಕ್ಕದಲ್ಲಿ ಇಷ್ಟು ವರ್ಷ ಕೂತಿದ್ದ ಯಾರೋ ಎದ್ದುಹೋದಂತೆ ಅವಳಿಗನ್ನಿಸಿತು. ಪೀಠದ ಆ ಬದಿಯ ಮರವನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು.

ಕರ್ತನ ಭೋಜನ ಶುರುವಾಯಿತು. ಅವಳು ನುಡಿಸಿದಳು. ಸಾಲು ಸಾಲಾಗಿ ಜನ ಮೊಣಕಾಲೂರಿದರು. ಹಾಡಿನ ನಡುವೆ ಅಯ್ಯನವರ ದನಿ ಮೇಲಕ್ಕೆ ಬರುತ್ತಿತ್ತು. "ನಿನಗೋಸ್ಕರ ಕೊಟ್ಟ ಕ್ರಿಸ್ತನ ದೇಹ... ನಿನಗೋಸ್ಕರ... ನಿನಗೋಸ್ಕರ..." ಎಂಟು ವರ್ಷದಿಂದ ಆ ಮಾತನ್ನು ಮೇಲಿಂದ ಕೇಳಿದ್ದಳು. ಪ್ರತಿ ಸಲವೂ ಅದು ಬೇರೆ ಯಾರಿಗೋ.

ಕನ್ನಡಿಯಲ್ಲಿ ಅಮ್ಮ ಕಂಡಳು. ಎಲ್ಲರೂ ಹೋಗಿ ಬಂದಿದ್ದರು. ಅಮ್ಮ ಮಾತ್ರ ಆಲ್ಟರಿನ ಕಟಕಟೆಯ ಮುಂದೆ ನಿಂತೇ ಇದ್ದಳು. ಮೊಣಕಾಲೂರಿರಲಿಲ್ಲ. ತಿರುಗಿ ಮಹಡಿಯ ಕಡೆ ನೋಡುತ್ತಿದ್ದಳು. ತನ್ನ ಎಡಗಡೆ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟಿದ್ದಳು. ಅಯ್ಯನವರು ತಟ್ಟೆ ಹಿಡಿದು ಕಾಯುತ್ತಿದ್ದರು.

'ನಾನು ನಿಲ್ಲಿಸಿದರೆ ಹಾಡು ನಿಲ್ಲುತ್ತದೆ... ಎಲ್ಲರೂ ನೋಡುತ್ತಾರೆ... ಎಲ್ಲರಿಗೂ ಗೊತ್ತಾಗುತ್ತದೆ...'

ಗೊತ್ತಾಗಲಿ.

ಹಾಡಿನ ನಟ್ಟನಡುವೆ ಅವಳು ಮಣೆಗಳಿಂದ ಕೈ ತೆಗೆದಳು.

ಕೆಳಗೆ ಹಾಡು ಒಂದು ಕ್ಷಣ ಎಡವಿತು. ತಲೆಗಳು ಮೇಲೆ ತಿರುಗಿದವು. ಆಗ ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು. ಕೆಟ್ಟ ದನಿ, ಶ್ರುತಿಯ ಹತ್ತಿರಕ್ಕೂ ಹೋಗದ ದನಿ, ಆದರೆ ಗಟ್ಟಿಯಾದ ದನಿ. ಅದನ್ನು ಸರಿಪಡಿಸಲಿಕ್ಕಾದರೂ ಇಡೀ ಸಭೆ ಹಾಡಲೇಬೇಕಾಯಿತು. ಆರ್ಗನ್ ಇಲ್ಲದೆಯೇ ಹಾಡು ಮುಂದುವರಿಯಿತು.

ಅವಳು ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ನಡೆದು ಹೋದಳು. ಅಮ್ಮ ಕೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದು, ನೋವಾಗುವಷ್ಟು ಬಿಗಿಯಾಗಿ ಹಿಡಿದು, ತನ್ನ ಜೊತೆ ಕೆಳಗೆ ಎಳೆದುಕೊಂಡಳು.

"ನಿನಗೋಸ್ಕರ," ಎಂದರು ಅಯ್ಯನವರು.

ಅವಳು ಬಾಯಿ ತೆರೆದಳು. ಅಳುತ್ತಿದ್ದುದರಿಂದ ರೊಟ್ಟಿ ಉಪ್ಪುಪ್ಪಾಗಿತ್ತು. ಆದರೆ ಅದು ಅಳುವೊಂದೇ ಆಗಿರಲಿಲ್ಲ. ಎದೆಯೊಳಗೆ ಏನೋ ನಗುತ್ತಿತ್ತು, ನಾಚಿಕೆಯಿಲ್ಲದೆ.

ಎಲ್ಲರೂ ಹೋದ ಮೇಲೆ ಅವಳು ಮೋಟಾರು ನಿಲ್ಲಿಸಲು ಮೇಲೆ ಬಂದಳು. ಅವನು ಹಿಂದೆಯೇ ಬಂದ.

"ಯಾವಾಗ ಸರಿ ಮಾಡಿದ್ರಿ?"

"ಯಾವುದನ್ನ?"

"ಆ ಸ್ವರ. ಇವತ್ತು ಬರ್ಲಿಲ್ಲ."

ಅವನು ಉತ್ತರ ಕೊಡದೆ ಚೀಲದಿಂದ ಕಾಗದದ ಸುರುಳಿಯೊಂದನ್ನು ತೆಗೆದ. ಬಿಡಿಸಿದಾಗ ಒಳಗೆ ಹೊಸ ಚರ್ಮ, ಇನ್ನೂ ಕತ್ತರಿಸಿರಲಿಲ್ಲ. "ನಾನು ಬಂದಿದ್ದೇ ಆರಾಧನೆ ಅರ್ಧ ಆದ ಮೇಲೆ. ಬೀಗ ಇನ್ನೂ ಹಾಗೇ ಇದೆ, ನೋಡಿ."

ಇಬ್ಬರೂ ಬಾಗಿಲ ಕಡೆ ನೋಡಿದರು. ಯಾರೂ ಹತ್ತಿರ ಹೋಗಲಿಲ್ಲ.

"ಮಂಜು ಬಿದ್ದಾಗ ಚರ್ಮ ಒದ್ದೆಯಾಗಿ ತಾನಾಗೇ ಕೂತ್ಕೊಳ್ಳೋದುಂಟು," ಎಂದ ಅವನು. ಅವನಿಗೇ ಅದರ ಮೇಲೆ ಅಷ್ಟು ನಂಬಿಕೆ ಇದ್ದಂತಿರಲಿಲ್ಲ.

"ಇರ್ಬಹುದು." ಅವಳು ಕಣ್ಣೊರೆಸಿಕೊಂಡಳು. "ಅದು ಬಂದಿದ್ರೂ ನಾನು ಇವತ್ತು ಇಳಿದು ಹೋಗ್ತಿದ್ದೆ. ಕ್ಷಮೆ ಆಗಿದೆ ಅಂತ ನನಗೆ ಹೇಳಿದ ಮಾತು ಅದಕ್ಕಿಂತ ದೊಡ್ಡದು."

ಅವನು ಚರ್ಮವನ್ನು ಸುತ್ತಿದ, ಬಿಡಿಸಿದ, ಮತ್ತೆ ಸುತ್ತಿದ.

"ನಮ್ಮಮ್ಮ ನಿಮಗೇನಂದ್ಲು?" ಎಂದು ಅವಳೇ ಕೇಳಿದಳು.

"ನನ್ನನ್ನೇನು ಕೇಳ್ತೀಯಾ, ಅವಳನ್ನೇ ಕೇಳು ಅಂದ್ರು."

"ಕೇಳ್ಲಿಲ್ಲವಲ್ಲ ನೀವು."

"ಭಯ."

"ನಾನು ಹೇಳಿದ್ದೆಲ್ಲ ಕೇಳಿದ ಮೇಲೂ ನಾನೇ ಬೇಕಾ ನಿಮಗೆ?"

"ನೀವು ಹೇಳಿದ್ದನ್ನ ಕೇಳ್ತಾ ಒಳಗೆ ಕೂತಿದ್ನಲ್ಲ, ಆಗ್ಲೇ ನಿಶ್ಚಯ ಮಾಡಿದ್ದು. ಇವರ ಜೊತೆ ಇದ್ರೆ ನಾನೂ ನನ್ನ ತಪ್ಪುಗಳನ್ನ ಮುಚ್ಚಿಡಬೇಕಾಗಿಲ್ಲ ಅಂತ." ಅವನು ಚರ್ಮದಿಂದ ಕಣ್ಣೆತ್ತಿ ಅವಳ ಮುಖ ನೋಡಿ ಮಾತಾಡಿದ. "ನನ್ನದೂ ಒಂದು ಪಟ್ಟಿ ಇದೆ. ಉದ್ದ ಇದೆ. ನನ್ನ ಮದುವೆ ಆಗ್ತೀರಾ?"

ಅವಳು ನಕ್ಕಳು. ಅದು ಹೊಸದಾಗಿ ಕಲಿತವರ ನಗುವಿನಂತೆ ತುಸು ಒರಟಾಗಿತ್ತು.

"ಊಟಕ್ಕೆ ಬನ್ನಿ," ಎಂದಳು. "ಅಮ್ಮ ಮುಂಚೆನೇ ಮನೆಗೆ ಹೋದ್ಲು, ಮೂರು ತಟ್ಟೆ ಇಡ್ತೀನಿ ಅಂತ ಹೇಳಿ."